ಟ್ರಂಪೆಟ್ಟಿನ ಕೆಳಗೆ ಯಂತ್ರದ ಸದ್ದು: ಕ್ರಿಶ್ಚಿಯನ್ ಸ್ಕಾಟ್ ಅವರನ್ನು ಕೇಳುವುದು ಹೇಗೆ?

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಅಧ್ಯಾಪಕ. ಹಿಂದೂಸ್ತಾನಿ ಗಾಯನ ಕೇಳುತ್ತ ಬೆಳೆದವನು; ಜಾಝ್ ತಡವಾಗಿ ಹತ್ತಿದ ಹುಚ್ಚು. ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಳೆಯ ಧ್ವನಿಮುದ್ರಿಕೆಗಳು, ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಬಹಳ ಇಷ್ಟ. ಈಚೆಗೆ ಮಗಳು ತನ್ನ ಮೊಬೈಲಿನಲ್ಲಿ ಕ್ರಿಶ್ಚಿಯನ್ ಸ್ಕಾಟ್ ಎಂಬುವವರ ‘ರೂಲರ್ ರೆಬೆಲ್’ ಆಲ್ಬಮ್ ಕೇಳಿಸಿದಳು. ಟ್ರಂಪೆಟ್ ಸೊಗಸಾಗಿದೆ, ಸಂಶಯವಿಲ್ಲ. ಆದರೆ ಅದರ ಕೆಳಗೆ ಟಿಕ್ ಟಿಕ್ ಎಂದು ಯಂತ್ರದ ಸದ್ದು ಬಿಡದೆ ಓಡುತ್ತಿರುತ್ತದೆ. ಇದು ಪರಂಪರೆಯ ಮುಂದುವರಿಕೆ ಎಂದು ಮಗಳ ವಾದ. ನಿಜವೇ? ಅಥವಾ ಹುಡುಗರನ್ನು ಸೆಳೆಯಲು ಜಾಝ್‌ಗೆ ಹಿಪ್-ಹಾಪ್ ಬೆರೆಸಿದ್ದೇ? ನನ್ನಂಥ ಕಿವಿಯವರು ಇದನ್ನು ಎಲ್ಲಿಂದ ಕೇಳಲು ಶುರುಮಾಡಬೇಕು?

ಉತ್ತರ: ಮೊದಲು ಮೊಬೈಲಿನ ವಿಚಾರ ಮುಗಿಸಿಬಿಡೋಣ. ನಿಮ್ಮ ಕಿವಿಗೆ ಬಿದ್ದಿರುವುದು ಈ ಆಲ್ಬಮಿನ ಅರ್ಧ ಮಾತ್ರ. ಇಂಥ ಸಂಗೀತದ ತಳದಲ್ಲಿ ಮೊಳಗುವ ಬಾಸ್ ಡ್ರಮ್ಮಿನ ಸದ್ದು 50 ಹರ್ಟ್ಸ್ ಆಸುಪಾಸಿನದು. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ತಗ್ಗಿನ ಸದ್ದನ್ನು ಹೊರಡಿಸುವ ಶಕ್ತಿಯೇ ಇಲ್ಲ. ಹಾಗಾಗಿ ತಳದ ಗುಡುಗು ಮಾಯವಾಗಿ, ಮೇಲಿನ ಹೈ-ಹ್ಯಾಟ್ ತಟ್ಟೆಗಳ ಟಿಕ್ ಟಿಕ್ ಒಂದೇ ಉಳಿಯುತ್ತದೆ. ಡಗ್ಗಾ ತೆಗೆದಿಟ್ಟು ಬರೀ ತಬಲಾ ನುಡಿಸಿದ ಹಾಗೆ. ಅದನ್ನು ಕೇಳಿ ಯಾರಾದರೂ ‘ಯಂತ್ರದ ಸದ್ದು’ ಎಂದರೆ ನಾನು ಜಗಳಕ್ಕೆ ಹೋಗುವುದಿಲ್ಲ.

ಇದನ್ನು ಬರೀ ಸ್ಪೀಕರಿನ ತಾಂತ್ರಿಕ ಟಿಪ್ಪಣಿ ಎಂದುಕೊಳ್ಳಬೇಡಿ. ಜಾಝ್ ಕುರಿತು ನಾವು ಕಟ್ಟಿಕೊಂಡಿರುವ ಕಲ್ಪನೆಯೇ ಇಂಥದ್ದೊಂದು ಕೊರತೆಯ ಮೇಲೆ ನಿಂತಿದೆ. ಆರ್ಮ್‌ಸ್ಟ್ರಾಂಗ್ 1923ರಲ್ಲಿ ಕಿಂಗ್ ಆಲಿವರ್ ತಂಡದೊಂದಿಗೆ ಇಂಡಿಯಾನಾ ರಾಜ್ಯದ ರಿಚ್‌ಮಂಡ್ ಊರಿನಲ್ಲಿ ಮೊದಲ ಬಾರಿ ಧ್ವನಿಮುದ್ರಣಕ್ಕೆ ನಿಂತಾಗ ಸ್ಟುಡಿಯೊಗಳಿಗೆ ಮೈಕ್ರೊಫೋನ್ ಇನ್ನೂ ಬಂದಿರಲಿಲ್ಲ. ದೊಡ್ಡದೊಂದು ಕಹಳೆಯಂಥ ಕೊಳವೆಯ ಬಾಯಿಗೆ ಎದುರಾಗಿ ಎಲ್ಲರೂ ನುಡಿಸಬೇಕು. ಆ ಗಾಳಿಯ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೀರು ಎಳೆಯಬೇಕು. ಬಾಸ್ ಡ್ರಮ್ಮಿಗೆ ಗಟ್ಟಿಯಾಗಿ ಹೊಡೆದರೆ ಸೂಜಿ ಎಗರಿ ಮುದ್ರಣವೇ ಕೆಡುತ್ತಿತ್ತು. ಆ ತಂಡದ ಡ್ರಮ್ಮರ್ ಬೇಬಿ ಡಾಡ್ಸ್ ಅವರಂಥ ದೊಡ್ಡ ಕಲಾವಿದ ಆ ಮುದ್ರಿಕೆಗಳಲ್ಲಿ ಹೆಚ್ಚಿನಂಶ ಮರದ ತುಂಡುಗಳನ್ನು ತಟ್ಟಿ ಕೆಲಸ ಸಾಗಿಸಬೇಕಾಯಿತು. ಬೀದಿಯಲ್ಲಿ, ಕುಣಿತದ ಮನೆಗಳಲ್ಲಿ ಆ ಸಂಗೀತ ಕೇಳಿದವರಿಗೆ ಡ್ರಮ್ ಎದೆಗೆ ಬಡಿಯುತ್ತಿತ್ತು. ಧ್ವನಿಮುದ್ರಿಕೆಗಳಿಂದ ಜಾಝ್ ಕಲಿತ ನಮಗೆ, ಅಂದರೆ ಜಗತ್ತಿನ ಬಹುಪಾಲು ಕೇಳುಗರಿಗೆ, ಟ್ರಂಪೆಟ್ ಮತ್ತು ಕ್ಲಾರಿನೆಟ್ ಮುಂದೆ ಬಂದು ನಿಂತವು. ಜಾಝ್ ಎಂದರೆ ಟ್ರಂಪೆಟ್ಟಿನ ಸಂಗೀತ, ಡ್ರಮ್ ಅದರ ಹಿಂದಿನ ಹಿಮ್ಮೇಳ ಎಂಬ ಕ್ರಮ ನಮ್ಮ ಕಿವಿಯಲ್ಲಿ ಕೂತಿದ್ದು ಹೀಗೆ.

ಕ್ರಿಶ್ಚಿಯನ್ ಸ್ಕಾಟ್ ಆ ಕ್ರಮವನ್ನು ತಿರುವಿ ಹಾಕುತ್ತಾರೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವನ್ನು ಒಂದೇ ಮಾತಿನಲ್ಲಿ ಕೇಳುವಿರಾದರೆ ಇಷ್ಟು: ಈ ಆಲ್ಬಮಿನಲ್ಲಿ ಪರಂಪರೆಯನ್ನು ಟ್ರಂಪೆಟ್ಟಿನಲ್ಲಿ ಹುಡುಕಿದರೆ ಸ್ವಲ್ಪ ಸಿಗುತ್ತದೆ, ಡ್ರಮ್ಮುಗಳಲ್ಲಿ ಹುಡುಕಿದರೆ ಬಹಳ ಸಿಗುತ್ತದೆ. ನಿಮಗೆ ತೀರಾ ಹೊಸತು ಎನಿಸಿದ ಭಾಗವೇ ಇದರಲ್ಲಿ ಎಲ್ಲಕ್ಕಿಂತ ಹಳೆಯದು.

ಅವರ ಮನೆತನದಿಂದ ಶುರುಮಾಡೋಣ. ಸ್ಕಾಟ್ ಹುಟ್ಟಿದ್ದು 1983ರಲ್ಲಿ, ಜಾಝ್‌ನ ತವರಾದ ನ್ಯೂ ಆರ್ಲಿಯನ್ಸ್‌ನಲ್ಲಿ. ಅವರ ತಾಯಿಯ ತಂದೆ ಡೊನಾಲ್ಡ್ ಹ್ಯಾರಿಸನ್ ಸೀನಿಯರ್ ಆ ಊರಿನ ‘ಬ್ಲ್ಯಾಕ್ ಮಾಸ್ಕಿಂಗ್ ಇಂಡಿಯನ್ಸ್’ ಪರಂಪರೆಯ ದೊಡ್ಡ ನಾಯಕರಲ್ಲಿ ಒಬ್ಬರು. ‘ಗಾರ್ಡಿಯನ್ಸ್ ಆಫ್ ದ ಫ್ಲೇಮ್’ ಎಂಬ ತಂಡವನ್ನು ಕಟ್ಟಿದವರು. ಈ ಪರಂಪರೆಯವರು ಕರಿಯ ಜನ. ತಪ್ಪಿಸಿಕೊಂಡು ಬಂದ ಗುಲಾಮರಿಗೆ ಆಸರೆ ಕೊಟ್ಟ ಅಮೆರಿಕದ ಮೂಲನಿವಾಸಿಗಳ ನೆನಪಿಗೆ ಅವರ ವೇಷ ತೊಡುತ್ತಾರೆ. ಮಣಿ ಮತ್ತು ಗರಿಗಳ ಆ ಭಾರೀ ಉಡುಪನ್ನು ವರ್ಷವಿಡೀ ತಾವೇ ಕೈಯಾರೆ ಹೊಲಿದು, ಮಾರ್ಡಿ ಗ್ರಾ ಹಬ್ಬದ ದಿನ ಬೀದಿಗೆ ಇಳಿಯುತ್ತಾರೆ. ಜೊತೆಗೆ ಟ್ರಂಪೆಟ್ ಇರುವುದಿಲ್ಲ. ಟ್ಯಾಂಬೊರಿನ್, ಚರ್ಮವಾದ್ಯಗಳು, ಒಬ್ಬ ಎತ್ತಿಕೊಟ್ಟರೆ ಉಳಿದವರು ಮಾರುತ್ತರ ಕೊಡುವ ಹಾಡು, ಅಷ್ಟೆ. ಸ್ಕಾಟ್ ಎಳೆಯ ವಯಸ್ಸಿನಲ್ಲೇ ಅಜ್ಜನ ಜೊತೆ ಆ ವೇಷ ತೊಟ್ಟವರು. ಟ್ರಂಪೆಟ್ ಅವರ ಕೈಗೆ ಬಂದದ್ದು ಆಮೇಲೆ.

ಅವರ ಸೋದರಮಾವ ಡೊನಾಲ್ಡ್ ಹ್ಯಾರಿಸನ್ ಜೂನಿಯರ್ ಹೆಸರಾಂತ ಆಲ್ಟೊ ಸ್ಯಾಕ್ಸೊಫೋನ್ ವಾದಕ, ಡ್ರಮ್ಮರ್ ಆರ್ಟ್ ಬ್ಲೇಕಿ ಅವರ ‘ಜಾಝ್ ಮೆಸೆಂಜರ್ಸ್’ ತಂಡದಲ್ಲಿ ನುಡಿಸಿದವರು. ಇವರ ಬಗ್ಗೆ ನಿಮ್ಮ ಮಗಳಿಗೂ ಇಷ್ಟವಾಗಬಹುದಾದ ಸಂಗತಿಯೊಂದಿದೆ. ಹ್ಯಾರಿಸನ್ ಬ್ರೂಕ್ಲಿನ್‌ನಲ್ಲಿ ನೆಲೆಸಿದ್ದಾಗ ನೆರೆಹೊರೆಯ ಹುಡುಗನೊಬ್ಬನಿಗೆ ಬೀಬಾಪ್ ಎಂಬ ವೇಗದ, ಜಟಿಲ ಜಾಝ್ ಶೈಲಿಯ ಹಳೆಯ ಮುದ್ರಿಕೆಗಳನ್ನು ಕೇಳಿಸಿ, ಡ್ರಮ್ಮರ್‌ಗಳು ಲಯವನ್ನು ಹೇಗೆ ತುಂಡರಿಸಿ ಜೋಡಿಸುತ್ತಾರೆ ಎಂದು ಹೇಳಿಕೊಟ್ಟರು. ಆ ಹುಡುಗ ಕ್ರಿಸ್ಟೊಫರ್ ವಾಲೆಸ್. ಮುಂದೆ ‘ನಟೋರಿಯಸ್ ಬಿ.ಐ.ಜಿ.’ ಎಂಬ ಹೆಸರಿನಲ್ಲಿ ಹಿಪ್-ಹಾಪ್‌ನ ಅತಿ ದೊಡ್ಡ ಮಾತುಗಾರರಲ್ಲಿ ಒಬ್ಬನಾದ. ಆತ ಮಾತನ್ನು ತಾಳದ ಮೇಲೆ ಕೂರಿಸುವ ರೀತಿಯಲ್ಲಿ ಡ್ರಮ್ ಸೋಲೊದ ಜಾಡು ಕಾಣುತ್ತದೆ ಎಂದರೆ ಅದು ಬರೀ ವಿಮರ್ಶಕರ ಕಲ್ಪನೆಯಲ್ಲ. ಜಾಝ್ ಮತ್ತು ಹಿಪ್-ಹಾಪ್ ಬೇರೆ ಬೇರೆ ಲೋಕ, ಯಾರೋ ಅವನ್ನು ಈಗ ಬೆರೆಸುತ್ತಿದ್ದಾರೆ ಎಂಬ ನಮ್ಮ ಎಣಿಕೆ ಈ ಮನೆಯೊಳಗೆ ನಡೆಯುವುದಿಲ್ಲ.

ಈಗ ತಾಳಕ್ಕೆ ಬನ್ನಿ. ಒಂದು ಸಣ್ಣ ಪ್ರಯೋಗ ಮಾಡಿ. ಆದಿತಾಳದ ಎಂಟು ಎಣಿಕೆಯನ್ನು ಇಟ್ಟುಕೊಂಡು ‘ತಕಿಟ ತಕಿಟ ತಕ’ ಎಂದು ಹೇಳಿ. ಮೂರು, ಮೂರು, ಎರಡು. ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಮೇಜು ತಟ್ಟಿ. ಪಾಶ್ಚಾತ್ಯ ಸಂಗೀತಜ್ಞರು ಇದನ್ನು ‘ಟ್ರೆಸಿಯೊ’ ಎನ್ನುತ್ತಾರೆ. ಆಫ್ರಿಕಾದಿಂದ ಹಿಡಿದು ತಂದ ಜನರೊಂದಿಗೆ ಈ ಎಣಿಕೆ ಕ್ಯೂಬಾಗೆ, ಹೈಟಿಗೆ, ಅಲ್ಲಿಂದ ನ್ಯೂ ಆರ್ಲಿಯನ್ಸ್‌ಗೆ ಬಂತು. ಆ ಊರಿನಲ್ಲಿ ಕಾಂಗೊ ಸ್ಕ್ವೇರ್ ಎಂಬ ಬಯಲಿದೆ. ಗುಲಾಮರು ಭಾನುವಾರಗಳಂದು ಅಲ್ಲಿ ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದರು. 1817ರಲ್ಲಿ ನಗರದ ಆಡಳಿತ ಅವರ ಕೂಟಗಳನ್ನು ಒಂದೇ ಜಾಗಕ್ಕೆ ಸೀಮಿತಗೊಳಿಸಿದ ಮೇಲೆ ಆ ಬಯಲೇ ಅವರ ಪಾಲಿಗೆ ಉಳಿಯಿತು. ಆ ಊರಿನ ಹಳೆಯ ಜಾಝ್ ಪಿಯಾನೊ ವಾದಕ ಜೆಲ್ಲಿ ರೋಲ್ ಮಾರ್ಟನ್ ಇದೇ ಎಣಿಕೆಯನ್ನು ‘ಸ್ಪ್ಯಾನಿಷ್ ಛಾಯೆ’ ಎಂದು ಕರೆದು, ಅದಿಲ್ಲದೆ ಜಾಝ್‌ಗೆ ಸರಿಯಾದ ರುಚಿ ಬಾರದು ಎಂದಿದ್ದರು. ಈಗ ನಿಮ್ಮ ಮಗಳು ಕೇಳುವ ಯಾವುದಾದರೂ ಹತ್ತು ಹೊಸ ಹಾಡು ಹಾಕಿಸಿ. ರೆಗೆಟಾನ್, ಡಾನ್ಸ್‌ಹಾಲ್, ಹಿಪ್-ಹಾಪ್, ಯಾವುದೇ ಇರಲಿ, ತಳದಲ್ಲಿ ‘ತಕಿಟ ತಕಿಟ ತಕ’ ಹಲವು ಬಾರಿ ಸಿಗುತ್ತದೆ. ಸ್ಕಾಟ್ ಮಾಡಿದ್ದು ಈ ಎರಡು ತುದಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದು.

ಕೂರಿಸಿದ್ದು ಹೇಗೆ ಎಂಬುದು ಕುಶಲತೆಯ ವಿಚಾರ. ‘ರೂಲರ್ ರೆಬೆಲ್’ ಬಂದದ್ದು 2017ರಲ್ಲಿ. ಅದೇ ವರ್ಷ ‘ಡಯಾಸ್ಪೊರಾ’, ‘ದಿ ಇಮ್ಯಾನ್ಸಿಪೇಶನ್ ಪ್ರೊಕ್ರಾಸ್ಟಿನೇಶನ್’ ಎಂಬ ಇನ್ನೆರಡು ಆಲ್ಬಮ್ ಬಂದು ಮೂರೂ ಸೇರಿ ‘ಸೆಂಟೆನಿಯಲ್ ಟ್ರಿಲಜಿ’ ಆಯಿತು. ಈ ಮುದ್ರಿಕೆಗಳಲ್ಲಿ ಕೋರಿ ಫಾನ್‌ವಿಲ್ ಮತ್ತು ಜೋ ಡೈಸನ್ ಎಂಬ ಇಬ್ಬರು ಡ್ರಮ್ಮರ್‌ಗಳಿದ್ದಾರೆ. ಅವರ ಮುಂದೆ ಚರ್ಮದ ಡ್ರಮ್ಮುಗಳ ಪಕ್ಕದಲ್ಲೇ ರೋಲ್ಯಾಂಡ್ ಕಂಪನಿಯ ಎಸ್‌ಪಿಡಿ-ಎಸ್‌ಎಕ್ಸ್ ಎಂಬ ಎಲೆಕ್ಟ್ರಾನಿಕ್ ಪ್ಯಾಡ್ ಇರುತ್ತದೆ. ಮೊದಲೇ ತುಂಬಿಟ್ಟ ಯಾವ ಸದ್ದನ್ನಾದರೂ ಕೋಲಿನಿಂದ ಹೊಡೆದು ಹೊರಡಿಸಬಹುದು. ಇವರ ಜೊತೆಗೆ ಪಶ್ಚಿಮ ಆಫ್ರಿಕಾದ ಜೆಂಬೆ ನುಡಿಸುವ ವೀಡಿ ಬ್ರೈಮಾ. ಹಾಗಾಗಿ ನೀವು ‘ಯಂತ್ರ’ ಎಂದುಕೊಂಡ ಸದ್ದಿನ ಬಹುಭಾಗವನ್ನು ಆ ಕ್ಷಣದಲ್ಲಿ ಮನುಷ್ಯರು ಕೈಯಿಂದ ನುಡಿಸುತ್ತಿದ್ದಾರೆ. ಅಟ್ಲಾಂಟಾದ ಟ್ರ್ಯಾಪ್ ಎಂಬ ಹಿಪ್-ಹಾಪ್ ಶೈಲಿಯಲ್ಲಿ ಹೈ-ಹ್ಯಾಟ್ ದಿಢೀರನೆ ಮೂರರ, ಆರರ, ಎಂಟರ ತುಂಡುಗಳಾಗಿ ಚಿಮ್ಮುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಮೌಸ್ ಒತ್ತಿ ಬರೆಯುತ್ತಾರೆ. ಈ ತಂಡ ಅದನ್ನು ಕೋಲಿನಲ್ಲಿ ನುಡಿಸುತ್ತದೆ. ಟ್ರಂಪೆಟ್ ಒಂದು ದೀರ್ಘ ಸ್ವರ ಹಿಡಿದಾಗ ಹೈ-ಹ್ಯಾಟ್ ಚಿಮ್ಮುತ್ತದೆ, ಟ್ರಂಪೆಟ್ ಓಡಿದಾಗ ಹಿಂಜರಿಯುತ್ತದೆ. ಕೇಳಿಸಿಕೊಂಡು ಉತ್ತರ ಕೊಡುವ ಈ ಗುಣ ಓಡುವ ಟೇಪಿಗೆ ಇರುವುದಿಲ್ಲ.

ಯಂತ್ರ ಮತ್ತು ಮನುಷ್ಯರ ನಡುವಿನ ಈ ಕೊಡುಕೊಳ್ಳುವಿಕೆಗೆ ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗಲಾಗದು. ಡೆಟ್ರಾಯಿಟ್‌ನ ಹಿಪ್-ಹಾಪ್ ಸಂಗೀತ ನಿರ್ಮಾಪಕ ಜೆ ಡಿಲ್ಲಾ, 2006ರಲ್ಲಿ 32ರ ಹರೆಯದಲ್ಲೇ ತೀರಿಕೊಂಡರು. ಡ್ರಮ್ ಮಷೀನಿನಲ್ಲಿ ಹೊಡೆತಗಳನ್ನು ಕರಾರುವಾಕ್ಕಾಗಿ ಎಣಿಕೆಗೆ ಕೂರಿಸುವ ಗುಂಡಿಯೊಂದು ಇರುತ್ತದೆ. ಡಿಲ್ಲಾ ಎಷ್ಟೋ ಬಾರಿ ಅದನ್ನು ಬಳಸದೆ, ಒಂದು ಹೊಡೆತವನ್ನು ಕೂದಲೆಳೆಯಷ್ಟು ತಡವಾಗಿ, ಇನ್ನೊಂದನ್ನು ಅಷ್ಟೇ ಬೇಗ ಬೀಳಿಸಿದರು. ಯಂತ್ರ ತೂಕಡಿಸುವಂತೆ, ತಪ್ಪುಹೆಜ್ಜೆ ಇಡುವಂತೆ ಕೇಳಿಸಿತು. ಆಮೇಲೆ ಒಂದು ಇಡೀ ತಲೆಮಾರಿನ ಜಾಝ್ ಡ್ರಮ್ಮರ್‌ಗಳು ಕೂತು ಆ ತೂಕಡಿಕೆಯನ್ನು ಕೈಯಲ್ಲಿ ನುಡಿಸಲು ಅಭ್ಯಾಸ ಮಾಡಿದರು. ಸ್ಕಾಟ್ ತಂಡದವರು ಆ ತಲೆಮಾರಿನ ತಮ್ಮಂದಿರು.

ಯಂತ್ರದ ಬಗ್ಗೆ ಇನ್ನೊಂದು ಮಾತು. ‘ಡ್ರಮ್ ಸೆಟ್’ ಎಂದು ನಾವು ಕಣ್ಣು ಮುಚ್ಚಿ ಒಪ್ಪಿಕೊಂಡಿರುವ ವಾದ್ಯವೂ ಒಂದು ಕಾಲದ ಹೊಸ ಯಂತ್ರವೇ. ಮೆರವಣಿಗೆಯ ಬ್ಯಾಂಡಿನಲ್ಲಿ ಬಾಸ್ ಡ್ರಮ್ಮಿಗೊಬ್ಬ, ಸ್ನೇರ್ ಡ್ರಮ್ಮಿಗೊಬ್ಬ, ತಾಳದ ತಟ್ಟೆಗೊಬ್ಬ ಇರುತ್ತಿದ್ದರು. ಕಾಲಿನಿಂದ ಒತ್ತುವ ಪೆಡಲ್ ಬಂತು, ಲುಡ್ವಿಗ್ ಕಂಪನಿ 1909ರಲ್ಲಿ ಅದಕ್ಕೆ ಪೇಟೆಂಟ್ ಪಡೆಯಿತು. ಮೂವರ ಕೆಲಸವನ್ನು ಒಬ್ಬನೇ ಕೂತು ಮಾಡತೊಡಗಿದ. ಇನ್ನು ಹುಡುಗರನ್ನು ಸೆಳೆಯುವ ಗಿಮಿಕ್ಕಿನ ವಿಚಾರಕ್ಕೆ ಬಂದರೆ, ಜಾಝ್‌ನ ಮೊಟ್ಟಮೊದಲ ಧ್ವನಿಮುದ್ರಿಕೆಯಾದ 1917ರ ‘ಲಿವರಿ ಸ್ಟೇಬಲ್ ಬ್ಲೂಸ್’ ಕೇಳಿ ನೋಡಿ. ಕ್ಲಾರಿನೆಟ್ ಕೋಳಿಯಂತೆ ಕೂಗುತ್ತದೆ, ಕಾರ್ನೆಟ್ ಕುದುರೆಯಂತೆ ಕೆನೆಯುತ್ತದೆ, ಟ್ರಾಂಬೋನ್ ಹಸುವಿನಂತೆ ಅಂಬಾ ಎನ್ನುತ್ತದೆ. ಅದನ್ನು ನುಡಿಸಿದ ‘ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್’ ಬಿಳಿಯರ ತಂಡ. ಕರಿಯರು ಕಟ್ಟಿದ ಸಂಗೀತದ ಚರಿತ್ರೆ ಮುದ್ರಿಕೆಯಲ್ಲಿ ಬಿಳಿಯರಿಂದ ಶುರುವಾಯಿತು. ಸ್ಕಾಟ್ ಅವರ ಮೂರು ಆಲ್ಬಮ್‌ಗಳ ಹೆಸರಿನಲ್ಲಿರುವ ಶತಮಾನೋತ್ಸವ ಈ ಮುದ್ರಿಕೆಯದು. ಅದು ಹಬ್ಬ ಎನ್ನುವುದಕ್ಕಿಂತ ಲೆಕ್ಕ ಕೇಳುವ ಕೆಲಸ. ಮೂರನೆಯ ಆಲ್ಬಮಿಗೆ ‘ವಿಮೋಚನೆಯ ವಿಳಂಬ’ ಎಂಬಂಥ ಶೀರ್ಷಿಕೆ ಬೇರೆ ಯಾಕೆ ಬರಬೇಕು?

ಟ್ರಂಪೆಟ್ ಮತ್ತು ಹಿಪ್-ಹಾಪ್ ಕೂಡಿಸುವ ಪ್ರಯತ್ನ ಇವರೇ ಮೊದಲು ಮಾಡಿದ್ದಲ್ಲ. ನಿಮ್ಮ ಮೆಚ್ಚಿನ ಮೈಲ್ಸ್ ಅವರೇ 1972ರ ‘ಆನ್ ದ ಕಾರ್ನರ್’ನಲ್ಲಿ ಫಂಕ್ ಎಂಬ ಕುಣಿತದ ಸಂಗೀತದ ತಾಳದ ಮೇಲೆ, ಬಾದಲ್ ರಾಯ್ ಅವರ ತಬಲಾ ಜೊತೆಗೆ, ಟ್ರಂಪೆಟ್ಟಿಗೆ ಸದ್ದನ್ನು ತಿರುಚುವ ವಾ-ವಾ ಎಂಬ ವಿದ್ಯುತ್ ಪೆಡಲ್ ಜೋಡಿಸಿ ನುಡಿಸಿದರು. ಆಗಿನ ಜಾಝ್ ವಿಮರ್ಶಕರು ಕೆಂಡ ಕಾರಿದರು. ಹಿಪ್-ಹಾಪ್ ಕಾಲದ ಸಂಗೀತ ನಿರ್ಮಾಪಕರು ಅದನ್ನು ಹುಡುಕಿಕೊಂಡು ಹೋದರು. ಮೈಲ್ಸ್ ತೀರಿಕೊಂಡ ಮರುವರ್ಷ, 1992ರಲ್ಲಿ ಬಂದ ‘ಡೂ-ಬಾಪ್’ ನೇರ ಹಿಪ್-ಹಾಪ್ ಆಲ್ಬಮ್. ಅದರ ನಿರ್ಮಾಪಕ ಈಝಿ ಮೋ ಬೀ, ಎರಡು ವರ್ಷಗಳ ನಂತರ ನಾನು ಮೇಲೆ ಹೇಳಿದ ಬ್ರೂಕ್ಲಿನ್ ಹುಡುಗನ ಮೊದಲ ಆಲ್ಬಮಿನ ಹಲವು ಹಾಡುಗಳಿಗೆ ತಾಳ ಕಟ್ಟಿದವರೂ ಹೌದು. ಆದರೆ ‘ಡೂ-ಬಾಪ್’ ನನಗೆ ಸೋತ ಪ್ರಯೋಗವೆಂದೇ ಅನ್ನಿಸುತ್ತದೆ. ಅಲ್ಲಿ ತಾಳ ಮೊದಲೇ ತಯಾರಾಗಿ ಸುತ್ತುತ್ತಿರುತ್ತದೆ, ಮೈಲ್ಸ್ ಅದರ ಮೇಲೆ ಸ್ವರ ಹರಡುತ್ತಾರೆ. ಅವರು ಏನೇ ನುಡಿಸಿದರೂ ತಾಳಕ್ಕೆ ಅದರ ಪರಿವೆ ಇಲ್ಲ. ನಿಮ್ಮ ಆಕ್ಷೇಪ ಆ ಆಲ್ಬಮಿನ ಮೇಲಿದ್ದರೆ ನಾನು ಸಹಿ ಹಾಕುತ್ತಿದ್ದೆ.

ಇದನ್ನು ಸರಿಪಡಿಸಿದವರು ಟ್ರಂಪೆಟ್ ವಾದಕ ರಾಯ್ ಹಾರ್ಗ್ರೋವ್. ಗಾಯಕ ಡಿ'ಏಂಜೆಲೊ ಅವರ 2000ದ ‘ವೂಡೂ’ ಆಲ್ಬಮಿನಲ್ಲಿ ಟ್ರಂಪೆಟ್ ನುಡಿಸಿ, 2003ರಲ್ಲಿ ತಮ್ಮದೇ ‘ಆರ್‌ಎಚ್ ಫ್ಯಾಕ್ಟರ್’ ತಂಡದ ‘ಹಾರ್ಡ್ ಗ್ರೂವ್’ ತಂದರು. ಇಲ್ಲಿ ತಾಳ ಜೀವಂತ, ಕೋಣೆಯ ತುಂಬ ಜನ, ಎಲ್ಲರೂ ಪರಸ್ಪರ ಕೇಳಿಸಿಕೊಳ್ಳುತ್ತಾರೆ. ಹಾರ್ಗ್ರೋವ್ 2018ರಲ್ಲಿ, ಐವತ್ತು ತುಂಬುವ ಮೊದಲೇ ಹೋಗಿಬಿಟ್ಟರು. ಇಂದಿನ ಟ್ರಂಪೆಟ್ ವಾದಕರಲ್ಲಿ ಅವರ ಋಣ ಇಲ್ಲದವರು ಸಿಗುವುದು ಕಷ್ಟ. ಸ್ಕಾಟ್ ಅವರ ‘ಸ್ಟ್ರೆಚ್ ಮ್ಯೂಸಿಕ್’ ಬಂದದ್ದು 2015ರ ಸೆಪ್ಟೆಂಬರಿನಲ್ಲಿ. ಅದೇ ವರ್ಷ ಹಿಪ್-ಹಾಪ್ ಕಲಾವಿದ ಕೆಂಡ್ರಿಕ್ ಲಮಾರ್ ತಮ್ಮ ‘ಟು ಪಿಂಪ್ ಎ ಬಟರ್‌ಫ್ಲೈ’ಯಲ್ಲಿ ಲಾಸ್ ಏಂಜಲಿಸ್‌ನ ಜಾಝ್ ಕಲಾವಿದರನ್ನು ತುಂಬಿಕೊಂಡಿದ್ದರು. ದಾರಿ ಆಗಲೇ ಎರಡೂ ಕಡೆಯಿಂದ ತೆರೆದಿತ್ತು.

ಈಗ ಟ್ರಂಪೆಟ್. ನೀವು ಮೆಚ್ಚಿದ ಆ ನಾದದ ಗುಟ್ಟು ಗಾಳಿಯಲ್ಲಿದೆ. ಟ್ರಂಪೆಟ್ಟಿನ ಸ್ವರ ಹುಟ್ಟುವುದು ತುಟಿಗಳ ಕಂಪನದಿಂದ. ಶಿಕ್ಷಣವೆಲ್ಲ ಆ ಕಂಪನವನ್ನು ಗಟ್ಟಿ, ಶುದ್ಧ, ಹೊಳಪಿನದ್ದು ಮಾಡುವುದಕ್ಕೆ. ಸ್ಕಾಟ್ ಬೇಕೆಂದೇ ಕಂಪನ ಕಡಿಮೆ ಮಾಡಿ ಉಸಿರು ಹೆಚ್ಚಿಸುತ್ತಾರೆ. ಅದನ್ನು ಅವರು ‘ಪಿಸುಮಾತಿನ ತಂತ್ರ’ ಎಂದು ಕರೆದುಕೊಂಡಿದ್ದಾರೆ. ತಾಯಿ ಹಾಡುವಾಗಿನ ದನಿಯನ್ನು ವಾದ್ಯದಲ್ಲಿ ತರುವ ಆಸೆ ಅದರ ಮೂಲ. ಡಚ್ ಕಂಪನಿ ಆಡಮ್ಸ್ ಜೊತೆ ಸೇರಿ ಬಾಗಿದ ಬಾಯಿಯ ತಮ್ಮದೇ ವಾದ್ಯಗಳನ್ನೂ ಮಾಡಿಸಿಕೊಂಡಿದ್ದಾರೆ: ‘ಸೈರನ್’, ‘ರಿವರ್ಸ್ ಫ್ಲೂಗಲ್‌ಹಾರ್ನ್’ ಇತ್ಯಾದಿ. ಈ ಪಿಸುಮಾತು ಸಭಾಂಗಣದ ಹಿಂದಿನ ಸಾಲಿಗೆ ಮುಟ್ಟುವ ಸದ್ದಲ್ಲ. ಬಾಯಿಗೆ ಅಂಟುವಷ್ಟು ಹತ್ತಿರ ಮೈಕ್ ಇದ್ದರೆ ಮಾತ್ರ ಅದಕ್ಕೆ ಅಸ್ತಿತ್ವ. ಅಂದರೆ ನೀವು ‘ಸೊಗಸು’ ಎಂದು ಒಪ್ಪಿಕೊಂಡ ಭಾಗವೂ ಎಲೆಕ್ಟ್ರಾನಿಕ್ಸ್ ಇಲ್ಲದೆ ಹುಟ್ಟುತ್ತಿರಲಿಲ್ಲ. ಮೈಲ್ಸ್ ಟ್ರಂಪೆಟ್ಟಿನ ಬಾಯಿಗೆ ಸದ್ದು ತಗ್ಗಿಸುವ ಮ್ಯೂಟ್ ಹಾಕಿ ಮೈಕಿಗೆ ತಾಗಿಸಿ ನುಡಿಸಿದಾಗಲೂ ಇದೇ ಆಗಿತ್ತು. ವಾದ್ಯಕ್ಕೆ ವಿದ್ಯುತ್ ಸೇರಿದ್ದು ಅಂದೇ.

ಪರಂಪರೆಯ ವಾದದಲ್ಲಿ ಎದುರು ಪಕ್ಷವೂ ದುರ್ಬಲವಲ್ಲ. ಅದೇ ನ್ಯೂ ಆರ್ಲಿಯನ್ಸ್‌ನ, ಅದೇ ಟ್ರಂಪೆಟ್ಟಿನ ವಿಂಟನ್ ಮಾರ್ಸಾಲಿಸ್ 1980ರ ದಶಕದಿಂದ ಹೇಳುತ್ತ ಬಂದಿರುವುದು: ಸ್ವಿಂಗ್ ಎಂಬ ತೂಗಾಡುವ ಲಯ ಮತ್ತು ಬ್ಲೂಸ್ ಎಂಬ ಕರಿಯರ ಹಳೆಯ ಹಾಡಿನ ಶೈಲಿ ಬಿಟ್ಟರೆ ಜಾಝ್ ಉಳಿಯದು. ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಅವರು ಕಟ್ಟಿದ ಸಂಸ್ಥೆ ಎಲಿಂಗ್ಟನ್, ಆರ್ಮ್‌ಸ್ಟ್ರಾಂಗ್ ಅವರ ಕೃತಿಗಳನ್ನು ಜೀವಂತವಾಗಿ ಇಟ್ಟಿದೆ. ಅದು ಸಣ್ಣ ಕೆಲಸವಲ್ಲ. ಸ್ಕಾಟ್ ಅವರ ನಿಲುವು ಬೇರೆ. ಜಾಝ್‌ನ ಲಯ, ಸ್ವರ, ಸ್ವರಮೇಳಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಕಟ್ಟುಪಾಡನ್ನು ತೆಗೆದುಹಾಕುವುದಲ್ಲ, ಹಿಗ್ಗಿಸುವುದು ತಮ್ಮ ಉದ್ದೇಶ, ಎಷ್ಟು ಸಂಸ್ಕೃತಿಗಳು ಹಿಡಿಸುತ್ತವೋ ಅಷ್ಟನ್ನು ಒಳಗೆ ತರುವುದು ಎನ್ನುತ್ತಾರೆ. ‘ಸ್ಟ್ರೆಚ್’ ಎಂಬ ಹೆಸರು ಅಲ್ಲಿಂದ ಬಂತು. ನನ್ನ ಒಲವು ಸ್ಕಾಟ್ ಕಡೆಗಿದೆ. ಸ್ವಿಂಗ್ ಕೂಡ ಒಂದು ಕಾಲದ ಕುಣಿತದ ತಾಳ. ಇನ್ನೊಂದು ಕಾಲದ ಕುಣಿತದ ತಾಳಕ್ಕೆ ಬಾಗಿಲು ಹಾಕಲು ಅದಕ್ಕೆ ಅಧಿಕಾರವಿದೆ ಎಂದು ನನಗೆ ತೋರುವುದಿಲ್ಲ.

ಹಾಗೆಂದು ನಿಮ್ಮ ಅಸಮಾಧಾನ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಬೀಬಾಪ್ ಕೇಳಿ ಪಳಗಿದ ಕಿವಿಗೆ ಇಲ್ಲಿ ಸ್ವರಮೇಳದ ಪ್ರಯಾಣ ಕಡಿಮೆ. ನಾಲ್ಕು ಸ್ವರಮೇಳಗಳು ಸುತ್ತಿ ಸುತ್ತಿ ಬರುತ್ತವೆ, ಅದರ ಮೇಲೆ ಟ್ರಂಪೆಟ್ ಏರಿ ಒಂದು ಎತ್ತರದ ಸ್ವರವನ್ನು ಹಿಡಿದು ಅಳುತ್ತದೆ. ಮೊದಲ ಸಲ ಮೈ ಜುಮ್ಮೆನ್ನುತ್ತದೆ, ಏಳನೆಯ ಸಲ ಅಲ್ಲ. ಒಂದೇ ವರ್ಷದಲ್ಲಿ ಮೂರು ಆಲ್ಬಮ್ ತಂದದ್ದು ನನ್ನ ಲೆಕ್ಕದಲ್ಲಿ ಅತಿಯಾಯಿತು. ಕತ್ತರಿ ಹಾಕುವವರು ಒಬ್ಬರಿದ್ದರೆ ಮೂರನ್ನು ಒಂದೂವರೆ ಮಾಡಬಹುದಿತ್ತು. ‘ಡಯಾಸ್ಪೊರಾ’ದ ಮಧ್ಯಭಾಗದಲ್ಲಿ ಒಂದೇ ವೇಗ, ಒಂದೇ ವಿಷಾದ, ಒಂದು ರಚನೆ ಮುಗಿದು ಇನ್ನೊಂದು ಶುರುವಾದದ್ದು ತಿಳಿಯುವುದಿಲ್ಲ. ಅಲ್ಲಿ ಕಾಪಾಡುವುದು ಎಲೆನಾ ಪಿಂಡರ್‌ಹ್ಯೂಸ್ ಅವರ ಕೊಳಲು. ‘ಸ್ಟ್ರೆಚ್ ಮ್ಯೂಸಿಕ್’ ಆಲ್ಬಮಿನ ಮುಖಪುಟದಲ್ಲೇ ಸ್ಕಾಟ್ ಆಕೆಯನ್ನು ಪರಿಚಯಿಸಿದ್ದರು. ಆಕೆ ಬಂದ ಕೂಡಲೇ ಗಾಳಿ ಬದಲಾಗುತ್ತದೆ. ಕೆಲವು ಕಡೆ ನಾಯಕನಿಗಿಂತ ಆಕೆಯೇ ಹೆಚ್ಚು ಹೇಳುತ್ತಾರೆ.

ಅಂದಹಾಗೆ ಹುಡುಕುವಾಗ ಒಂದು ಗೊಂದಲ ಎದುರಾಗುತ್ತದೆ. ಅವರು 2012ರ ಹೊತ್ತಿಗೆ ಅಟುಂಡೆ ಅಡ್ಜುವಾ ಎಂಬ ಆಫ್ರಿಕನ್ ಹೆಸರನ್ನು ಜೊತೆಗೆ ಸೇರಿಸಿಕೊಂಡರು, ಈಗ ‘ಚೀಫ್’ ಎಂಬ ಪದವಿಯೊಂದಿಗೆ ಆ ಹೆಸರನ್ನೇ ಬಳಸುತ್ತಾರೆ. ಅಜ್ಜನ ದಾರಿಯಲ್ಲಿ ಅವರೂ ಒಂದು ತಂಡದ ನಾಯಕರು. ಅವರ 2023ರ ಆಲ್ಬಮ್ ‘ಬಾರ್ಕ್ ಔಟ್ ಥಂಡರ್ ರೋರ್ ಔಟ್ ಲೈಟ್ನಿಂಗ್’ನಲ್ಲಿ ಟ್ರಂಪೆಟ್ಟೇ ಇಲ್ಲ. ಅವರು ಹಾಡುತ್ತಾರೆ, ತಾವೇ ರೂಪಿಸಿದ ಹಾರ್ಪ್ ಜಾತಿಯ ತಂತಿವಾದ್ಯ ನುಡಿಸುತ್ತಾರೆ, ಸುತ್ತ ಡ್ರಮ್ಮುಗಳು. ಪರಂಪರೆ ಎಲ್ಲಿದೆ ಎಂಬ ಪ್ರಶ್ನೆಗೆ ಅವರದೇ ಉತ್ತರ ಅದು. ಆದರೆ ನೀವು ಅದನ್ನು ಈಗಲೇ ಮುಟ್ಟಬೇಡಿ. ಟ್ರಂಪೆಟ್ಟಿನ ಆಸೆಯಿಂದ ಬಂದವರಿಗೆ ನಿರಾಸೆಯಾಗುತ್ತದೆ.

ಎಲ್ಲಿಂದ ಶುರು ಎಂದಿರಲ್ಲ. ‘ಕೈಂಡ್ ಆಫ್ ಬ್ಲೂ’ ಒಲಿದವರಿಗೆ 2010ರ ‘ಯೆಸ್ಟರ್ಡೇ ಯು ಸೆಡ್ ಟುಮಾರೊ’ ಸರಿಯಾದ ಬಾಗಿಲು. ಅದರಲ್ಲಿ ಕಂಪ್ಯೂಟರಿನ ಗದ್ದಲವಿಲ್ಲ. ಮುದ್ರಿಸಿದವರು ರೂಡಿ ವ್ಯಾನ್ ಗೆಲ್ಡರ್; ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ ಸೇರಿ ಜಾಝ್‌ನ ಅರ್ಧ ಚರಿತ್ರೆಯನ್ನು ನ್ಯೂ ಜರ್ಸಿಯ ತಮ್ಮ ಸ್ಟುಡಿಯೊದಲ್ಲಿ ಹಿಡಿದಿಟ್ಟವರು. ಇಲ್ಲಿ ಗಿಟಾರ್ ಮತ್ತು ಡ್ರಮ್ಮಿನ ಸಿಟ್ಟನ್ನು ಗಮನಿಸಿ. ನಂತರ ‘ಸ್ಟ್ರೆಚ್ ಮ್ಯೂಸಿಕ್’. ಅದರಲ್ಲಿ ‘ರನ್ನಿಂಗ್ ಇನ್ ಸೆವೆನ್ಸ್’ ಎಂಬ ರಚನೆಯ ಏಳರ ಎಣಿಕೆ ರೂಪಕ ತಾಲ್ ಕೇಳಿದ ನಿಮಗೆ ತೊಡಕೇ ಅಲ್ಲ, ಅಲ್ಲಿ ಮಗಳಿಗೆ ನೀವೇ ಹೇಳಿಕೊಡಬಹುದು. ಮೂರನೆಯದಾಗಿ ‘ರೂಲರ್ ರೆಬೆಲ್’ಗೆ ಮರಳಿ. ಅದರಲ್ಲಿ ‘ನ್ಯೂ ಆರ್ಲಿಯನಿಯನ್ ಲವ್ ಸಾಂಗ್’ ಎರಡು ರೂಪಗಳಲ್ಲಿದೆ, ಒಂದು ಮೂಲ, ಇನ್ನೊಂದು ಸ್ಕಾಟ್ ಅವರದೇ ರೀಮಿಕ್ಸ್. ಎರಡನ್ನೂ ಬೆನ್ನು ಬೆನ್ನಿಗೆ ಕೇಳಿ, ಒಳ್ಳೆಯ ಹೆಡ್‌ಫೋನಿನಲ್ಲೋ ಬಾಸ್ ಇರುವ ಸ್ಪೀಕರಿನಲ್ಲೋ. ಮೊದಲ ಸುತ್ತಿನಲ್ಲಿ ಟ್ರಂಪೆಟ್ ಇಲ್ಲವೇ ಇಲ್ಲ ಎಂದುಕೊಂಡು ತಳದಿಂದ ಮೇಲಕ್ಕೆ ಕೇಳುತ್ತ ಬನ್ನಿ. ಉಳಿದ ಎರಡು ಆಲ್ಬಮ್ ಪೂರ್ತಿ ಕೇಳಲೇಬೇಕೆಂದಿಲ್ಲ.

ಕೊನೆಗೆ ನೀವು ಕೇಳದೇ ಇದ್ದ ಒಂದು ವಿಷಯ. ಧಾರವಾಡದವರಾದ ಕಾರಣ ಹೇಳಲೇಬೇಕು. ಟ್ರಂಪೆಟ್ ಮತ್ತು ಎಲೆಕ್ಟ್ರಾನಿಕ್ಸ್ ಕೂಡುವುದಕ್ಕೆ ಇನ್ನೊಂದು ದಾರಿಯಿದೆ, ಅದು ಕಿರಾಣಾ ಘರಾಣೆಯ ಮೂಲಕ ಹಾದುಹೋಗುತ್ತದೆ. ನಿಮ್ಮ ಕಡೆಗೆ ಆ ಘರಾಣೆಯನ್ನು ತಂದವರು ಅಬ್ದುಲ್ ಕರೀಂ ಖಾನ್. ಅವರಿಂದ ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಅದೇ ಘರಾಣೆಯ ಇನ್ನೊಬ್ಬ ದಿಗ್ಗಜ ಅಬ್ದುಲ್ ವಹೀದ್ ಖಾನ್, ಒಂದೊಂದೇ ಸ್ವರವನ್ನು ಬಿಡಿಸುತ್ತ ಅತಿ ವಿಲಂಬಿತದಲ್ಲಿ ಬಢತ್ ಮಾಡುವುದಕ್ಕೆ ಹೆಸರಾದವರು. ಅವರ ಶಿಷ್ಯ ಪಂಡಿತ್ ಪ್ರಾಣನಾಥ್ ನ್ಯೂಯಾರ್ಕ್‌ನಲ್ಲಿ ನೆಲೆಸಿ ಅಮೆರಿಕನ್ನರಿಗೆ ಗಾಯನ ಕಲಿಸಿದರು. ಆ ಶಿಷ್ಯರಲ್ಲಿ ಮೆಂಫಿಸ್ ಮೂಲದ ಟ್ರಂಪೆಟ್ ವಾದಕ ಜಾನ್ ಹ್ಯಾಸೆಲ್ ಒಬ್ಬರು. ಮೂರು ಗುಂಡಿಗಳ ಈ ವಾದ್ಯದಲ್ಲಿ ಮೀಂಡ್ ಹೊರಡಿಸುವುದು ಹೇಗೆ ಎಂದು ಅವರು ವರ್ಷಗಟ್ಟಲೆ ಹೆಣಗಿದರು. ಗುಂಡಿಯನ್ನು ಅರ್ಧ ಒತ್ತಿ, ತುಟಿ ಸಡಿಲಿಸಿ ಬಿಗಿಗೊಳಿಸಿ, ಸ್ವರದಿಂದ ಸ್ವರಕ್ಕೆ ಜಾರುವುದನ್ನು ಕಂಡುಕೊಂಡರು. ಮೇಲೆ ಎಲೆಕ್ಟ್ರಾನಿಕ್ ಉಪಕರಣದಿಂದ ಒಂದು ಸ್ವರಕ್ಕೆ ನೆರಳುಗಳಂತೆ ಇನ್ನಷ್ಟು ಸ್ವರಗಳನ್ನು ಕೂಡಿಸಿದರು. ಬ್ರಿಟನ್ನಿನ ಎಲೆಕ್ಟ್ರಾನಿಕ್ ಸಂಗೀತಗಾರ ಬ್ರಯಾನ್ ಈನೊ ಜೊತೆ 1980ರಲ್ಲಿ ತಂದ ‘ಪಾಸಿಬಲ್ ಮ್ಯೂಸಿಕ್ಸ್’ ಮುಂದಿನ ಎಷ್ಟೋ ಎಲೆಕ್ಟ್ರಾನಿಕ್ ಸಂಗೀತಗಾರರಿಗೆ ಪಠ್ಯವಾಯಿತು. ನಾರ್ವೆಯ ಟ್ರಂಪೆಟ್ ವಾದಕ ನಿಲ್ಸ್ ಪೆಟರ್ ಮೊಲ್ವೇರ್ ಆ ದಾರಿಯಲ್ಲಿ ಮುಂದೆ ಹೋಗಿ 1997ರ ‘ಖ್ಮೇರ್’ನಲ್ಲಿ ಕ್ಲಬ್ಬಿನ ಕುಣಿತದ ತಾಳವನ್ನೂ ಸೇರಿಸಿದರು.

ಸ್ಕಾಟ್ ಅವರದು ಡ್ರಮ್ಮಿನ ದಾರಿ, ಹ್ಯಾಸೆಲ್ ಅವರದು ಸ್ವರದ ದಾರಿ. ಒಂದು ಇನ್ನೊಂದರಿಂದ ಹುಟ್ಟಿತೆಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಕಿವಿಗೆ ಎರಡನೆಯದು ಬೇಗ ಒಗ್ಗುತ್ತದೆ. ಹ್ಯಾಸೆಲ್ ಅವರ 1970ರ ದಶಕದ ‘ವರ್ನಲ್ ಈಕ್ವಿನಾಕ್ಸ್’ ಮೊದಲು ಕೇಳಿ, ‘ಪಾಸಿಬಲ್ ಮ್ಯೂಸಿಕ್ಸ್’ ಆಮೇಲೆ. ‘ಖ್ಮೇರ್’ ಅನ್ನು ಮಗಳಿಗೆ ಕೊಡಿ; ಅವಳಿಗೆ ಅದು ಇನ್ನೂ ಗೊತ್ತಿರಲಾರದು.